ಹಲ್ಲಕ್ಕನ ನೇರಳೆ ಟಾರ್ಚು

ಹಲ್ಲಕ್ಕನ ಮನೆಗೆ ಬಂದ ನೆಂಟರಿಗೆ ಮೊದಲು ಕುರ್ಚಿ ಕೊಡುತ್ತಿದ್ದರು. ಕುಳಿತು ಸುಧಾರಿಸಿಕೊಂಡ ಮೇಲೆ ಕಪಾಟಿನೊಳಗೆ ಹೋಗಲು ಹೇಳುತ್ತಿದ್ದರು.

ಮಲಗುವ ಕೋಣೆಯ ಒಂದು ಗೋಡೆಯನ್ನು ಪೂರ್ತಿ ನುಂಗಿದ್ದ ಮರದ ಕಪಾಟು ಅದು. ಹಿಂದೆ ಅದರಲ್ಲಿ ಗಂಡನ ಬಟ್ಟೆಗಳಿದ್ದವು. ಈಗ ಅಂಗಿಗಳು ಕುರ್ಚಿಯ ಬೆನ್ನಿಗೆ, ಪ್ಯಾಂಟುಗಳು ಕಿಟಕಿಯ ಸರಳಿಗೆ, ಕೋಟು ಬಾಗಿಲ ಹಿಂದಿನ ಮೊಳೆಗೆ ವಲಸೆ ಹೋಗಿದ್ದವು. ಕಪಾಟಿನ ತುಂಬ ಗಾಜು. ಬಟ್ಟಲು, ತಟ್ಟೆ, ಹೂದಾನಿ, ಮುಚ್ಚಳ ಕಳೆದುಕೊಂಡ ಸಕ್ಕರೆ ಡಬ್ಬಿ, ಡಬ್ಬಿ ಕಳೆದುಕೊಂಡ ಮುಚ್ಚಳ. ನೆಂಟರು ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳಬೇಕು. ಹಲ್ಲಕ್ಕ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೆರಳುದ್ದದ ಟಾರ್ಚು ಒತ್ತುವಳು. ಮಂಕು ನೇರಳೆ ಬೆಳಕು ಬೀಳುತ್ತಲೇ ಧೂಳು ಹಿಡಿದಂತೆ ಕಾಣುತ್ತಿದ್ದ ಆ ಹಳೆಯ ಗಾಜು, ಒಳಗಿನಿಂದ ಯಾರೋ ದೀಪ ಹಚ್ಚಿದ ಹಾಗೆ, ಎಳೆ ಚಿಗುರಿನ ಹಸಿರಿನಲ್ಲಿ ಭಗ್ಗನೆ ಹೊಳೆಯುವುದು. ನೆಂಟರು "ಅಬ್ಬಾ" ಎನ್ನುವರು. ಆ ಒಂದು "ಅಬ್ಬಾ"ಕ್ಕಾಗಿ ಹಲ್ಲಕ್ಕ ವಾರವಿಡೀ ಕಾಯುತ್ತಿದ್ದಳು.

"ಬಸ್ಸಲ್ಲಿ ಊರಿಗೆಲ್ಲ ಜಾಗ ಮಾಡಿಕೊಡ್ತೀನಿ," ಎಂದು ಬಸ್ ಓಡಿಸುವ ಗಂಡ ಗೊಣಗುತ್ತಿದ್ದ. "ನನ್ನ ಮನೇಲಿ ನನ್ನ ಅಂಗಿಗೆ ನಿಂತ್ಕೊಳ್ಳೋಕೂ ಜಾಗ ಇಲ್ಲ."

ಹಲ್ಲಕ್ಕನಿಗೆ ಆ ಹೆಸರು ಕೆಲಸದಿಂದ ಬಂದದ್ದು. ದಂತವೈದ್ಯರ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಅವಳು ಕಟ್ಟುಹಲ್ಲು ಮಾಡುತ್ತಿದ್ದಳು. ಅಚ್ಚಿನಿಂದ ತೆಗೆದ ಪ್ಲಾಸ್ಟರಿನ ದವಡೆಗಳು ಗೋಡೆಯ ಹಲಗೆಯ ಮೇಲೆ ಸಾಲಾಗಿ ಬಾಯಿ ತೆರೆದು ಕುಳಿತಿರುತ್ತಿದ್ದವು. ಅವುಗಳ ನಡುವೆ ಅವಳು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವಳು. ಅವಳಿಗೆ ಊರಿನ ಅರ್ಧ ಜನ ಮುಖದಿಂದಲ್ಲ, ನಗುವಿನಿಂದ ಪರಿಚಯ. ಆದರೆ ಅದನ್ನು ತೋರಿಸಿಕೊಳ್ಳುವಂತಿಲ್ಲ. ಬೀದಿಯಲ್ಲಿ ತಾನು ಮಾಡಿದ ಹಲ್ಲು ಎದುರಿಗೆ ಬಂದರೆ ಅವಳು ತಟ್ಟನೆ ತಿರುಗಿ ಅಂಗಡಿಗಳ ಬೋರ್ಡು ಓದತೊಡಗುವಳು. ಹಲ್ಲಿನ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡವಳು ಎಂದು ಅವಳಿಗೆ ಒಳ್ಳೆಯ ಹೆಸರಿತ್ತು.

ಅವಳ ಕೈಯಲ್ಲಿ ಹಲ್ಲು ಕಟ್ಟಿಸಿಕೊಳ್ಳದೆ ಹಟ ಹಿಡಿದಿದ್ದವರು ಒಬ್ಬರೇ, ಮನೆಯಲ್ಲಿದ್ದ ಅತ್ತೆ. ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ.

"ಸೊಸೆ ಕೈಯಡುಗೆ ತಿಂತೀನಿ, ಸಾಕು," ಎನ್ನುತ್ತಿದ್ದರು. "ಇನ್ನು ಅವಳು ಮಾಡಿದ ಹಲ್ಲಲ್ಲೇ ಅದನ್ನ ಅಗೀಬೇಕಾ? ಆಮೇಲೆ ಅಡುಗೆ ಚೆನ್ನಾಗಿಲ್ಲ ಅಂದ್ರೆ ಯಾರ ಹಲ್ಲಿಂದ ಅಂದ ಹಾಗಾಗುತ್ತೆ?"

ನೇರಳೆ ಟಾರ್ಚು ಮೊದಲು ಬಂದದ್ದೂ ಹಲ್ಲಿಗಾಗಿಯೇ. ನಿಜವಾದ ಹಲ್ಲು ನೇರಳಾತೀತ ಬೆಳಕಿನಲ್ಲಿ ನೀಲಿ ಬೆರೆತ ಬಿಳಿಯಾಗಿ ಮಿನುಗುತ್ತದೆ. ಸರಿಯಿಲ್ಲದ ಕಟ್ಟುಹಲ್ಲು ಅದೇ ಬೆಳಕಿನಲ್ಲಿ ಕಪ್ಪಾಗಿ, ಹಲ್ಲೇ ಇಲ್ಲದಂತೆ ಕಾಣುತ್ತದೆ. ಒಂದು ದಿನ ಹೀಗೆ ಪರೀಕ್ಷೆ ಮಾಡುವಾಗ ಟಾರ್ಚು ಕೈಜಾರಿ ಮೇಜಿನ ಕೆಳಗೆ ಉರುಳಿತು. ಅಲ್ಲಿ ಪ್ಲಾಸ್ಟರ್ ಕಲಸಲು ಇಟ್ಟಿದ್ದ, ಯಾರೂ ತಿರುಗಿ ನೋಡದ ಹಳದಿ ಬಟ್ಟಲೊಂದು ಹಸಿರಾಗಿ ಉರಿಯುತ್ತಿತ್ತು. ಹಲ್ಲಕ್ಕ ಆ ದಿನ ಮೇಜಿನ ಕೆಳಗಿಂದ ಎದ್ದು ಬಂದಾಗ ಬೇರೆಯೇ ಹೆಂಗಸಾಗಿದ್ದಳು.

ಆಮೇಲೆ ಕೇಳಿ, ಓದಿ, ಕೊಂಡು, ಮೋಸಹೋಗಿ ಕಲಿತಳು. ಹಿಂದಿನ ಕಾಲದಲ್ಲಿ ಬಣ್ಣಕ್ಕಾಗಿ ಗಾಜಿಗೆ ಒಂದು ಚಿಟಿಕೆ ಯುರೇನಿಯಂ ಬೆರೆಸುತ್ತಿದ್ದರು, ಆ ಗಾಜೇ ಹೀಗೆ ಹೊಳೆಯುವುದು. ಮಂಕಾಗಿ, ಒಲ್ಲದ ಮನಸ್ಸಿನಿಂದ ಹಸಿರಾದರೆ ಅದು ಮ್ಯಾಂಗನೀಸ್, ಅದಕ್ಕೆ ಕುಣಿದಾಡಬೇಕಿಲ್ಲ. ಕೆಂಡದ ಹಾಗೆ ಕಿತ್ತಳೆಯಾದರೆ ಕ್ಯಾಡ್ಮಿಯಂ. ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಯಾರೋ ಒಡೆದು ಅಂಟು ಹಾಕಿದ್ದಾರೆ, ಮಾತಾಡದೆ ಕೆಳಗಿಡಬೇಕು. ನೀಲಿ ನೀಲಿ ಮಿಂಚಿದರೆ ಮೋಸಹೋಗಬಾರದು, ಅದು ಬಟ್ಟೆ ಬೆಳ್ಳಗೆ ಮಾಡುವ ಸೋಪಿನ ಪುಡಿಯ ಶೇಷ, ತೊಳೆದು ಮತ್ತೆ ನೋಡಬೇಕು.

"ಇದರಲ್ಲಿ ಊಟ ಮಾಡಬಹುದಾ?" ಎಂದು ಗಂಡ ಒಮ್ಮೆ ಕೇಳಿದ್ದ.

"ನೋಡೋಕೆ ತೊಂದರೆ ಇಲ್ಲ. ಬಾಯಿಗೆ ಮಾತ್ರ ಇಡಬಾರದು," ಎಂದಿದ್ದಳು ಹಲ್ಲಕ್ಕ. ಈ ಮಾತು ಅವಳಿಗೇ ತಿರುಗಿ ಬರುವುದಿತ್ತು.

ಹಳೆ ಸಾಮಾನಿನ ಸಂತೆ ನಡೆಯುವುದು ಹಗಲಿನಲ್ಲಿ. ಕತ್ತಲೆ ಬೇಕಲ್ಲ? ಅದಕ್ಕೆ ಅವಳು ಒಂದು ದೊಡ್ಡ ಕಪ್ಪು ಕೊಡೆಯ ಅಂಚಿಗೆ ಹಳೆಯ ಕಿಟಕಿ ಪರದೆಯನ್ನು ಸುತ್ತಲೂ ಹೊಲಿದಿದ್ದಳು. ಪರದೆಯ ಹೊರಮೈ ಕಪ್ಪು, ಒಳಮೈ ಬಿಳಿ ಅಸ್ತರಿ. ಗಾಜು ಕಂಡ ಕಡೆ ಕೊಡೆ ಬಿಚ್ಚಿ ಒಳಗೆ ಕುಳಿತರೆ ಹೊರಗಿನವರಿಗೆ ಎರಡು ಚಪ್ಪಲಿ ಮಾತ್ರ ಕಾಣುತ್ತಿದ್ದವು.

"ಅಕ್ಕಾ, ಒಳಗೆ ಮಳೆ ಜೋರಾ?" ಎಂದು ವ್ಯಾಪಾರಿಗಳು ಕೂಗುತ್ತಿದ್ದರು.

"ಹನೀತಾ ಇದೆ," ಎಂದು ಕೊಡೆಯೊಳಗಿಂದ ಉತ್ತರ ಬರುತ್ತಿತ್ತು.

ಇಷ್ಟೆಲ್ಲ ಇದ್ದೂ ಹಲ್ಲಕ್ಕನಿಗೆ ಒಂದು ಕೊರಗು. ಊರಿನಲ್ಲಿ ಹಳೆ ಗಾಜಿನ ಸಂಘ ಎಂಬುದೊಂದಿತ್ತು. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಪ್ರದರ್ಶನ ನಡೆಸುತ್ತಿದ್ದರು. ಅಲ್ಲಿ ತನಗೂ ಒಂದು ಮೇಜು ಬೇಕು, ಬಿಳಿ ಬಟ್ಟೆ ಹಾಸಿ ತನ್ನ ಗಾಜು ಜೋಡಿಸಬೇಕು, ಜನ ಬಗ್ಗಿಕೊಂಡಲ್ಲ, ನೆಟ್ಟಗೆ ನಿಂತು "ಅಬ್ಬಾ" ಅನ್ನಬೇಕು. ಕಪಾಟಿನಲ್ಲಿ ಅದೆಷ್ಟು ದಿನ ಬಾಳುವುದು? ಒಮ್ಮೆ ಭಾವ ಒಳಗೆ ಸಿಕ್ಕಿಕೊಂಡು, ಬಾಗಿಲಿನ ಚಿಲಕ ಮುರಿದು ತೆಗೆಯಬೇಕಾಗಿ ಬಂದಿತ್ತು. ಆದರೆ ಪ್ರತಿ ವರ್ಷವೂ ಸಂಘದ ಅಧ್ಯಕ್ಷರು "ಈ ಸಲ ಮೇಜು ಖಾಲಿ ಇಲ್ಲ" ಎಂದುಬಿಡುತ್ತಿದ್ದರು. ಹೇಳುವಾಗ ತುಟಿಯನ್ನೇ ತೆರೆಯುತ್ತಿರಲಿಲ್ಲ. ಮಾತು ಮೂಗಿನಿಂದ ಬಂದಂತಿರುತ್ತಿತ್ತು.

ಅಧ್ಯಕ್ಷರು ಕನ್ನಡಕದ ಅಂಗಡಿಯ ಮಾಲೀಕರು. ಇಸ್ತ್ರಿ ಮುರಿಯದ ಅಂಗಿ, ಕಡಲೆ ಹುರಿದಂಥ ಮಾತು, ಊರಿನಲ್ಲೇ ಹೆಸರಾದ ನಗು. ಆ ನಗುವಿನ ಮುಂದಿನ ನಾಲ್ಕು ಹಲ್ಲು ಹಲ್ಲಕ್ಕ ಮಾಡಿದ್ದು. ಏಣಿಯಿಂದ ಬಿದ್ದು ಹಲ್ಲು ಕಳೆದುಕೊಂಡು, ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು, ಅವರು ಚಿಕಿತ್ಸಾಲಯದ ಹಿಂಬಾಗಿಲಿನಿಂದ ಬಂದಿದ್ದರು. ಅದು ವೈದ್ಯರಿಗೆ, ಹಲ್ಲಕ್ಕನಿಗೆ, ಅವರಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

ಈ ಸಲ ಸಂಘದ ಕಾರ್ಯದರ್ಶಿಗೆ ಹೊಸ ಯೋಚನೆ ಬಂತು. ಆಕೆ ಗಟ್ಟಿ ದನಿಯ ನಿವೃತ್ತ ಗ್ರಂಥಪಾಲಕಿ. ಜೀವಮಾನವಿಡೀ ಪಿಸುಗುಟ್ಟಿ ಸಾಕಾಗಿ ಈಗ ಕೂಗಿಯೇ ಮಾತಾಡುತ್ತಿದ್ದರು. "ಸಭಾಂಗಣದ ದೀಪ ಎಲ್ಲ ಆರಿಸೋಣ! ಛಾವಣಿಗೆ ನೇರಳೆ ದೀಪ ಹಾಕೋಣ! ಅಧ್ಯಕ್ಷರು ಆ ಬೆಳಕಲ್ಲೇ ನಿಂತು ಭಾಷಣ ಮಾಡ್ಲಿ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಸಂತೆಯಲ್ಲಿ ಈ ಸುದ್ದಿ ಕೇಳಿದ ಹಲ್ಲಕ್ಕ ಬಿಚ್ಚುತ್ತಿದ್ದ ಕೊಡೆಯನ್ನು ಅರ್ಧಕ್ಕೇ ಮಡಚಿದಳು. ಆ ನಾಲ್ಕು ಹಲ್ಲು ಹಳೆಯ ಕಾಲದ ರಾಳದವು. ಅವಳ ಬಳಿ ಟಾರ್ಚು ಬರುವುದಕ್ಕೂ ಮುಂಚೆ ಮಾಡಿದವು. ನೇರಳೆ ಬೆಳಕಿನಲ್ಲಿ ಅಧ್ಯಕ್ಷರು ನಕ್ಕರೆ ಬಾಯಿಯ ನಟ್ಟನಡುವೆ ಕಿಟಕಿ ತೆರೆದ ಹಾಗೆ ಕಾಣುವುದು ಖಂಡಿತ.

ಅವಳು ಅಂಗಡಿಗೆ ಹೋದಳು. ಅವಳನ್ನು ಕಂಡೊಡನೆ ಅಧ್ಯಕ್ಷರ ತುಟಿ ಡಬ್ಬಿಯ ಮುಚ್ಚಳದಂತೆ ಬಿಗಿಯಿತು.

"ಮೇಜು ಖಾಲಿ ಇಲ್ಲ," ಎಂದರು ಮೂಗಿನಲ್ಲಿ.

"ಮೇಜಿಗಲ್ಲ ಸರ್ ಬಂದಿದ್ದು. ನಿಮ್ಮ ಕಣ್ಣು ಪರೀಕ್ಷೆ ಮಾಡೋ ಕತ್ತಲೆ ಕೋಣೆ ಇದೆಯಲ್ಲ, ಅಲ್ಲಿಗೆ ಒಂದು ನಿಮಿಷ ಬರ್ತೀರಾ? ಕನ್ನಡಿ ಇದ್ರೆ ಒಳ್ಳೇದು."

ಕತ್ತಲೆ ಕೋಣೆಯಲ್ಲಿ ಅವರ ಕೈಗೆ ಕನ್ನಡಿ ಕೊಟ್ಟು, "ಸ್ವಲ್ಪ ನಗಿ," ಎಂದು ಹಲ್ಲಕ್ಕ ಟಾರ್ಚು ಒತ್ತಿದಳು.

ಕನ್ನಡಿ ಮೂಗಿನ ಹತ್ತಿರಕ್ಕೆ ಬಂತು. ಆಮೇಲೆ ಅಧ್ಯಕ್ಷರು ಮಗುವಿನ ದನಿಯಲ್ಲಿ ಕೇಳಿದರು, "ನನ್ನ ಹಲ್ಲು ಎಲ್ಲಿ?"

"ಇದ್ದಲ್ಲೇ ಇವೆ ಸರ್. ಕಾಣಲ್ಲ ಅಷ್ಟೇ."

"ಭಾಷಣದಲ್ಲೂ ಹೀಗೇನಾ?"

"ನೀವು ನಗದೇ ಇದ್ರೆ..."

"ನಗದೇ ಇರೋದಾ?" ಅವರು ಕನ್ನಡಿ ಕೆಳಗಿಟ್ಟರು. "ನಾನು ನಗದೇ ಇದ್ರೆ ಜನ ಶ್ರದ್ಧಾಂಜಲಿ ಸಭೆ ಅನ್ಕೋತಾರೆ!" ಸ್ಟೂಲಿನ ಮೇಲೆ ಕುಸಿದು ಕುಳಿತರು. ಆಗ ನಿಜ ಹೊರಬಂತು. "ನಿಮಗೆ ಯಾಕೆ ಮೇಜು ಕೊಟ್ಟಿಲ್ಲ ಗೊತ್ತಾ? ನೀವು ಆ ಕಡೆ ನಿಂತ್ಕೊಂಡು ನನ್ನ ಬಾಯಿ ನೋಡಿದ್ರೆ ನನಗೆ ಭಾಷಣ ಮರೆತು ಹೋಗುತ್ತೆ. ಇರಲಿ. ಹೊಳೆಯೋ ಹಲ್ಲು ಹಾಕಿಕೊಡಿ. ಮೇಜು ನಿಮ್ಮದು. ಈ ವರ್ಷ, ಮುಂದಿನ ವರ್ಷ, ಪ್ರತಿ ವರ್ಷ. ಷರತ್ತು ಒಂದೇ. ಸಭೇಲಿ ನನ್ನ ಹಲ್ಲಿನ ವಿಷಯ ಯಾರ ಬಾಯಿಂದಲೂ ಒಂದು ಮಾತು ಬರಬಾರದು. ಬಂತೋ, ಮೇಜಿನ ಆಸೆ ಬಿಟ್ಟುಬಿಡಿ."

ಹಲ್ಲಕ್ಕ ಹೂಂ ಎಂದಳು. ಆದರೆ ಹೊಳೆಯುವ ಹೊಸ ಹಲ್ಲು ತರಿಸಬೇಕಾದರೆ ಪ್ರದರ್ಶನ ಮುಗಿದೇ ಹೋಗುತ್ತದೆ ಎಂದು ಹಲ್ಲಿನ ಸಾಮಾನು ಮಾರುವ ಅಂಗಡಿಯವರು ಕೈಯೆತ್ತಿದರು. ಆಗ ಅವಳಿಗೆ ನೆನಪಾದದ್ದು ತನಗೆ ಕೆಲಸ ಕಲಿಸಿದ ಮುದುಕ ಮೇಷ್ಟ್ರು ಬಿಟ್ಟುಹೋದ ತಗಡಿನ ಡಬ್ಬಿ. ಅದರ ತುಂಬ ಹಳೆಯ ಪಿಂಗಾಣಿ ಹಲ್ಲುಗಳು. "ಇವು ದೀಪ ಇದ್ದ ಹಾಗೆ, ಕತ್ತಲಲ್ಲೂ ಹೊಳೀತವೆ," ಎನ್ನುತ್ತಿದ್ದರು ಮೇಷ್ಟ್ರು. ಹೊಗಳಿಕೆಯ ಮಾತು ಎಂದುಕೊಂಡಿದ್ದಳು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಅವಳು ನಾಲ್ಕು ಹಲ್ಲು ಆರಿಸಿ, ತಿಕ್ಕಿ, ತಿದ್ದಿ, ಒಸಡಿನ ಬಣ್ಣದ ಗುಲಾಬಿ ಪಟ್ಟಿಗೆ ಕೂರಿಸಿದಳು. ಅಧ್ಯಕ್ಷರು ಕೋಣೆಯ ಮೂಲೆಯಲ್ಲಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಪ್ಲಾಸ್ಟರಿನ ದವಡೆಗಳ ಸಾಲಿನ ಕೆಳಗೆ ಅಪರಾಧಿಯಂತೆ ಕುಳಿತಿದ್ದರು. ಪರೀಕ್ಷೆ ಮಾಡಬೇಕು. ಹಲ್ಲಕ್ಕ ಯಾವುದನ್ನೂ ಎರಡು ಸಲ ನೋಡದೆ ಬಿಡುವವಳಲ್ಲ. ಒಮ್ಮೆ ಕೊಡೆಯೊಳಗೆ, ಒಮ್ಮೆ ಮನೆಯ ಕಪಾಟಿನೊಳಗೆ. ಆದರೆ ಗಾಜೆಲ್ಲ ಪ್ರದರ್ಶನಕ್ಕೆಂದು ಪೆಟ್ಟಿಗೆ ಸೇರಿದ್ದೇ ತಡ, ಗಂಡ ತನ್ನ ಅಂಗಿ, ಪ್ಯಾಂಟು, ಕೋಟುಗಳನ್ನೆಲ್ಲ ಕಪಾಟಿಗೆ ತುಂಬಿ, "ಆಹಾ, ತವರಿಗೆ ಬಂದ ಹಾಗಿದೆ ಇವಕ್ಕೆ," ಎಂದು ಬಾಗಿಲು ಹಾಕಿದ್ದ. ಒಳಗೆ ಬೆರಳು ತೂರಿಸಲೂ ಎಡೆಯಿರಲಿಲ್ಲ. ಹೀಗಾಗಿ ಕೊಡೆಯೊಂದೇ ಗತಿ.

ಕೊಡೆಯೊಳಗೆ ಕುಳಿತು ಟಾರ್ಚು ಒತ್ತಿದಳು. ಹಲ್ಲುಗಳು ತಣ್ಣನೆಯ ನೀಲಿ ಬಿಳಿಯಲ್ಲಿ ಮಿನುಗಿದವು. ಅಸಲಿ ಹಲ್ಲಿನ ಹಾಗೆಯೇ. ಯಾಕೋ ಕೊಡೆಯೊಳಗೆ ಇವತ್ತು ಬೆಳಕು ಜಾಸ್ತಿ, ಯಾಕೋ ಘಮಘಮ ಎನ್ನುತ್ತಿದೆ ಅನ್ನಿಸಿತು. ಆದರೆ ಹೊರಗೆ ಅಧ್ಯಕ್ಷರು ನಿಮಿಷಕ್ಕೊಮ್ಮೆ, "ಆಯ್ತಾಮ್ಮಾ? ಆಯ್ತಾ?" ಎಂದು ಕರವಸ್ತ್ರದೊಳಗಿಂದ ಕೇಳುತ್ತಿದ್ದರು.

"ಆಯ್ತು ಸರ್," ಎಂದು ಹೊರಬಂದಳು.

ಪ್ರದರ್ಶನದ ಸಂಜೆ ಅವಳಿಗೆ ಸಿಕ್ಕಿದ್ದು ಸಭಾಂಗಣದ ಕೊನೆಯ ಮೂಲೆ, ಕೈತೊಳೆಯುವ ನಲ್ಲಿಯ ಪಕ್ಕದ ಮೇಜು. ಅದೇ ಅವಳಿಗೆ ಅರಮನೆ. ಬಿಳಿ ಬಟ್ಟೆ ಹಾಸಿ, ಪ್ರತಿ ಬಟ್ಟಲನ್ನೂ ಒಂದೇ ಅಂತರದಲ್ಲಿಟ್ಟು, ಹಿಂದೆ ಸರಿದು ನೋಡಿ, ಮತ್ತೆ ಮುಂದೆ ಬಂದು ಒಂದು ಕೂದಲಿನಷ್ಟು ಸರಿಸಿದಳು. ಗಂಡ ಪೆಟ್ಟಿಗೆ ಹೊತ್ತು ತಂದಿದ್ದ. ಅತ್ತೆ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು. ಅಲ್ಲಿಗೆ ಹೋಗಿ ಕೂರುವ ಮುಂಚೆ ಸೊಸೆಯ ಕಿವಿಯಲ್ಲಿ ಹೇಳಿದರು, "ನಿನಗೆ ಹೇಳೋದೇ ಮರೆತೆ ಕಣೇ. ಆ ಕೊಡೆಯ ಲಂಗ ಎಷ್ಟು ಕೊಳೆ ಆಗಿತ್ತು! ಮೊನ್ನೆ ಬಿಚ್ಚಿ ಪುಡಿ ಹಾಕಿ ನೆನೆಸಿ, ಉಜ್ಜಿ ಉಜ್ಜಿ ಒಗೆದು, ಮತ್ತೆ ಹೊಲಿದಿಟ್ಟಿದ್ದೀನಿ. ಅಸ್ತರಿ ಹಾಲಿನ ಹಾಗಾಗಿದೆ. ಒಂದು ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ ನೀನು."

ಹಲ್ಲಕ್ಕ ಸರಿಸುತ್ತಿದ್ದ ಬಟ್ಟಲನ್ನು ಅಲ್ಲೇ ಬಿಟ್ಟಳು. ಬಟ್ಟೆ ಬೆಳ್ಳಗೆ ಮಾಡುವ ಪುಡಿ. ನೀಲಿ ಮಿಂಚು. ಕೊಡೆಯೊಳಗೆ ಹೊಳೆದದ್ದು ಹಲ್ಲಲ್ಲ, ಅಸ್ತರಿ! ಆ ನೀಲಿಯೆಲ್ಲ ಹಲ್ಲಿನ ಮೇಲೆ ಬಿದ್ದು ಕಣ್ಣಿಗೆ ಮಣ್ಣೆರಚಿತ್ತು. ಹಾಗಾದರೆ ಆ ಹಲ್ಲಿನ ನಿಜವಾದ ಬಣ್ಣ ಯಾವುದು? ಅವಳು ವೇದಿಕೆಯತ್ತ ಹೆಜ್ಜೆ ಇಡುವಷ್ಟರಲ್ಲಿ ಕಾರ್ಯದರ್ಶಿ ಕೂಗಿದರು, "ದೀಪ ಆರಿಸಿ!"

ಕತ್ತಲೆ. ಆಮೇಲೆ ಛಾವಣಿಯಿಂದ ನೇರಳೆ ಬೆಳಕು ಇಳಿಯಿತು. ಮೇಜು ಮೇಜಿನಲ್ಲೂ ಹಸಿರು ಎದ್ದು ನಿಂತಿತು. ಜನರ ಬಾಯಿಂದ ಒಟ್ಟಿಗೆ "ಅಬ್ಬಾ" ಹೊರಟಿತು. ಹಲ್ಲಕ್ಕ ಇಷ್ಟು ವರ್ಷ ಕಾದಿದ್ದ ಆ "ಅಬ್ಬಾ" ಬಂದಾಗ ಅವಳಿಗೆ ಕೇಳಿಸಲೇ ಇಲ್ಲ. ಅವಳ ಕಣ್ಣು ವೇದಿಕೆಯ ಮೇಲಿತ್ತು.

ಅಧ್ಯಕ್ಷರು ಎರಡೂ ಕೈ ಚಾಚಿ, "ಸ್ನೇಹಿತರೇ," ಎಂದು ತಮ್ಮ ಹೆಸರಾಂತ ನಗು ನಕ್ಕರು.

ನಾಲ್ಕು ಹಲ್ಲು ಹಸಿರಾಗಿ ಉರಿದವು. ಅಕ್ಕಪಕ್ಕದ ಸ್ವಂತ ಹಲ್ಲುಗಳು ಸಂಭಾವಿತರಂತೆ ಬೆಳ್ಳಗಿದ್ದವು. ನಡುವಿನ ನಾಲ್ಕು ಮಾತ್ರ ಕತ್ತಲಲ್ಲಿ ತೇಲುವ ಮಿಂಚುಹುಳುಗಳಂತೆ ಪ್ರತಿ ಮಾತಿಗೂ ಮೇಲೆ ಕೆಳಗೆ ಹಾರಾಡಿದವು. ಗಾಜಿಗೆ ಹಾಕಿದಂತೆಯೇ ಹಿಂದಿನವರು ಹಲ್ಲಿನ ಪಿಂಗಾಣಿಗೂ ಆ ಚಿಟಿಕೆ ಬೆರೆಸುತ್ತಿದ್ದರೆಂದು ಹಲ್ಲಕ್ಕನಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಮೇಷ್ಟ್ರು ಹೇಳಿದ್ದು ಹೊಗಳಿಕೆಯಾಗಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದ್ದರು.

ಸಭೆ ಗರ ಬಡಿದಂತೆ ಕುಳಿತಿತ್ತು. ಜನರ ಮುಖ ಕಾಣದ ಅಧ್ಯಕ್ಷರು, ಭಾಷಣಕ್ಕೆ ಇಷ್ಟು ಗಮನ ಹಿಂದೆಂದೂ ಸಿಕ್ಕಿರಲಿಲ್ಲವಲ್ಲ ಎಂದು ಹಿಗ್ಗಿ ಇನ್ನೂ ಅಗಲವಾಗಿ ನಕ್ಕರು. ಆಗ ಮುಂದಿನ ಸಾಲಿನಿಂದ ಅತ್ತೆಯ ದನಿ ಎದ್ದಿತು.

"ಅಯ್ಯಯ್ಯೋ! ಲೇ ಸೊಸೇ! ನಿನ್ನ ಬಟ್ಟಲಿನ ಚೂರು ಅವರ ಬಾಯಲ್ಲಿದೆ ಕಣೇ! ನುಂಗಿಬಿಟ್ಟಾರು!"

"ಹಲ್ಲು! ಹಲ್ಲು ನೋಡ್ರೀ!" ಎಂದು ಕಾರ್ಯದರ್ಶಿ ಕೂಗಿದರು.

ಅಧ್ಯಕ್ಷರ ಬಾಯಿ ಮುಚ್ಚಿತು. ವೇದಿಕೆ ಕತ್ತಲಾಯಿತು. ಆ ಕತ್ತಲೆಯಲ್ಲಿ ಅವರ ಬಿಳಿ ಅಂಗಿ ಮಾತ್ರ ನೀಲಿಯಾಗಿ ನಡುಗುತ್ತಿತ್ತು.

ಮೇಜು ಹೋಯಿತು ಎಂದು ಹಲ್ಲಕ್ಕನಿಗೆ ಗೊತ್ತಾಯಿತು. ಈ ವರ್ಷದ್ದು, ಮುಂದಿನ ವರ್ಷದ್ದು, ಪ್ರತಿ ವರ್ಷದ್ದು. ಅದರ ಜೊತೆಗೆ ಒಬ್ಬ ಮನುಷ್ಯನ ಗುಟ್ಟೂ ತನ್ನ ಕೈಯಿಂದಲೇ ರಟ್ಟಾಗುತ್ತಿದೆ. ಮೇಜು ಹೋದರೆ ಹೋಗಲಿ, ಗುಟ್ಟು ಹೋಗಬಾರದು. ನಾಲ್ಕು ಜನರೆದುರು ಹೆಸರು ಹೇಳಲೂ ತಡವರಿಸುವ ಹಲ್ಲಕ್ಕ ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತಿದಳು.

"ಅದು... ಅದು ಪ್ರದರ್ಶನದ ವಸ್ತು," ಎಂದಳು. ದನಿ ಎಲ್ಲಿಂದ ಬಂತೋ. "ನನ್ನ ಮೇಜಿನದು. ಹಳೇ ಕಾಲದ ಪಿಂಗಾಣಿ. ಆಗ ಹಲ್ಲಿಗೂ ಇದನ್ನೇ ಬೆರೆಸ್ತಾ ಇದ್ರು. ತಟ್ಟೇಲಿಟ್ರೆ ಯಾರು ನೋಡ್ತಾರೆ? ಅದಕ್ಕೇ ಅಧ್ಯಕ್ಷರನ್ನ ಬೇಡಿಕೊಂಡೆ. ಸಂಘಕ್ಕೋಸ್ಕರ ಹಾಕ್ಕೊಂಡು ತೋರಿಸ್ತೀನಿ ಅಂತ ದೊಡ್ಡ ಮನಸ್ಸು ಮಾಡಿದ್ರು. ಅವರ ಸ್ವಂತ ಹಲ್ಲಿನ ಮೇಲೆ, ಟೋಪಿ ಹಾಕಿದ ಹಾಗೆ."

ಮುಂದಿನ ಸಾಲಿನವರು ಕತ್ತು ಚಾಚಿದರು. ಆಮೇಲೆ ಕಾರ್ಯದರ್ಶಿ, ಪುಸ್ತಕ ಕಳೆದವರನ್ನು ಗದರಿಸುವ ಧಾಟಿಯಲ್ಲಿ, "ಹಾಗಾದ್ರೆ ಬಾಯಿ ಯಾಕೆ ಮುಚ್ಕೊಂಡ್ರಿ? ತೆಗೀರಿ! ಹತ್ತಿರದಿಂದ ನೋಡ್ಬೇಕು!" ಎಂದರು.

ವೇದಿಕೆಯ ಮೇಲೆ ಹಸಿರು ಬೆಳಕು ಅಳುಕುತ್ತ ಮತ್ತೆ ಮೂಡಿತು. ಚಪ್ಪಾಳೆ ಶುರುವಾದಾಗ ಪೂರ್ತಿ ಅರಳಿತು.

ಭಾಷಣ ಅಲ್ಲಿಗೇ ನಿಂತಿತು. ಜನ ಸಾಲುಗಟ್ಟಿದರು. ಅಧ್ಯಕ್ಷರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕುಳಿತರು. ಒಬ್ಬರು ಭೂತಗನ್ನಡಿ ಹಿಡಿದು ಬಗ್ಗಿದರು. ಇನ್ನೊಬ್ಬರು "ಅಂಚು ಎಷ್ಟು ಚೆನ್ನಾಗಿದೆ, ಒಂದು ಬಿರುಕೂ ಇಲ್ಲ," ಎಂದರು. ಮತ್ತೊಬ್ಬರು ತಿರುಗಿಸಿ ಕೆಳಗಿನ ಮುದ್ರೆ ನೋಡಬಹುದೇ ಎಂದು ಕೇಳಿದರು. ಈ ನಡುವೆ ಸಭೆಯಲ್ಲಿ ಇನ್ನೂ ಕೆಲವರು, ನೇರಳೆ ಬೆಳಕಿನಲ್ಲಿ ತಮ್ಮ ಬಾಯಿ ಹೇಗೆ ಕಾಣುತ್ತಿರಬಹುದೆಂದು ಹೊಳೆದು, ಮೆಲ್ಲಗೆ ತುಟಿ ಮುಚ್ಚಿಕೊಂಡಿದ್ದನ್ನು ಹಲ್ಲಕ್ಕ ಗಮನಿಸಿದಳು. ತಕ್ಷಣ ಗೋಡೆಯ ಮೇಲಿನ ಬೋರ್ಡು ಓದತೊಡಗಿದಳು. ಹಾಯಾಗಿ, ಬಾಯಿ ತುಂಬ ನಗುತ್ತಿದ್ದವರು ಅತ್ತೆಯೊಬ್ಬರೇ. ಅವರ ಬಾಯಲ್ಲಿ ಹೊಳೆಯಲು, ಹೊಳೆಯದಿರಲು ಏನೂ ಇರಲಿಲ್ಲ.

ದೀಪ ಹಾಕಿದ ಮೇಲೆ ಅಧ್ಯಕ್ಷರು ಅವಳನ್ನು ನಲ್ಲಿಯ ಬಳಿಗೆ ಕರೆದರು.

"ಷರತ್ತು ಏನಿತ್ತು?"

"ನಿಮ್ಮ ಹಲ್ಲಿನ ವಿಷಯ ಯಾರೂ ಮಾತಾಡಬಾರದು ಅಂತ," ಎಂದಳು ಹಲ್ಲಕ್ಕ ತಲೆ ತಗ್ಗಿಸಿ.

"ಎಷ್ಟು ಜನ ಮಾತಾಡಿದ್ರು?"

"ಎಲ್ರೂ ಸರ್."

"ಎಲ್ರೂ!" ಎಂದರು ಅಧ್ಯಕ್ಷರು. ಸಿಹಿ ಚಪ್ಪರಿಸಿದ ಹಾಗಿತ್ತು ಅವರ ದನಿ. "ಇಷ್ಟು ವರ್ಷ ನಕ್ಕಿದ್ದೀನಿ, ಬಿರುಕಿಲ್ಲ ಅಂತ ಒಬ್ಬರಾದ್ರೂ ಹೇಳಿದ್ರಾ? ಮುಂದಿನ ವರ್ಷ ನಿಮ್ಮ ಮೇಜು ಇಲ್ಲಿ ಬೇಡ. ವೇದಿಕೆ ಪಕ್ಕ ಹಾಕಿಸ್ತೀನಿ."

"ಆ ಹಲ್ಲು ಈಗಲೇ ತೆಗೀರಿ ಸರ್. ಅದನ್ನ ಬಾಯಿಗೆ ಇಡಬಾರದು."

"ಇನ್ನೊಂದು ಸ್ವಲ್ಪ ಹೊತ್ತು..."

"ತೆಗೀರಿ," ಎಂದು ಹಲ್ಲಕ್ಕ ಅಂಗೈ ಚಾಚಿದಳು. ಈ ವಿಷಯದಲ್ಲಿ ಅವಳು ಅಧ್ಯಕ್ಷರ ಮಾತನ್ನೂ ಕೇಳುವವಳಲ್ಲ.

ಹೊಸ ಹಲ್ಲು ಬಂದ ಮೇಲೆ ಅವಳು ಹದವಾಗಿ ಹೊಳೆಯುವ ನಾಲ್ಕನ್ನು ಆರಿಸಿ ಕಟ್ಟಿಕೊಟ್ಟಳು. ಕೊಡೆಯ ಅಸ್ತರಿಯನ್ನು ಕಿತ್ತು ಕಪ್ಪು ಬಟ್ಟೆ ಹೊಲಿದಳು, ಅತ್ತೆಗೆ ಥ್ಯಾಂಕ್ಸ್ ಹೇಳಿದಳು, ಇನ್ನು ಮುಂದೆ ಒಗೆಯಬೇಡಿ ಎಂದೂ ಹೇಳಿದಳು. ಗಂಡನ ಅಂಗಿಗಳು ಮತ್ತೆ ಕುರ್ಚಿಗೆ ಬಂದವು.

ಹಸಿರು ಹಲ್ಲಿನ ಪಟ್ಟಿ ಈಗ ಕಪಾಟಿನ ನಡುವಿನ ಹಲಗೆಯಲ್ಲಿ, ಆ ಮೊದಲ ಹಳದಿ ಬಟ್ಟಲಿನೊಳಗೆ ಇದೆ. ನೆಂಟರು ಒಳಗೆ ಹೋಗಿ ಬಾಗಿಲು ಎಳೆದುಕೊಂಡು, ಟಾರ್ಚು ಹೊತ್ತಿದ ಕೂಡಲೇ "ಅಬ್ಬಾ" ಎನ್ನುವ ಬದಲು ಕಿಟಾರನೆ ಕಿರುಚುತ್ತಾರೆ. ಅತ್ತೆಯಂತೂ ಆ ಕೋಣೆಗೇ ಕಾಲಿಡುವುದಿಲ್ಲ.

"ಬೇರೆಯವರ ನಗು ಮನೇಲಿಟ್ಕೊಂಡಿದ್ದಾಳೆ," ಎಂದು ಹೊರಗಿನಿಂದಲೇ ಹೇಳುತ್ತಾರೆ. "ಅವರು ಬಂದು ಕೇಳಿದ್ರೆ ಏನು ಮಾಡ್ತಾಳಂತೆ?"

ಅಧ್ಯಕ್ಷರು ಬಂದು ಕೇಳುವುದೂ ಉಂಟು. ಹಲ್ಲಕ್ಕ ಅವರಿಗೆ ಮೊದಲು ಕುರ್ಚಿ ಕೊಡುತ್ತಾಳೆ. ಆಮೇಲೆ ಕಪಾಟಿನೊಳಗೆ ಹೋಗಿ ನೋಡಿಕೊಂಡು ಬರಲು ಬಿಡುತ್ತಾಳೆ, ಮುಟ್ಟಲು ಬಿಡುವುದಿಲ್ಲ.